ಜಪಾನೀ ಆಲ್ಬಮ್ಮೂ ಕನ್ನಡದ ಮಾತ್ರೆಯೂ

ಕಾಸರಗೋಡಿನ ಕಡೆಯ ಐಚ್ಛಿಕ ಕನ್ನಡ ವಿದ್ಯಾರ್ಥಿಯೊಬ್ಬನನ್ನು ‘ಯಾವ ಹಾಡು ಕೇಳುತ್ತೀ?’ ಎಂದು ಅಧ್ಯಾಪಕರು ಕೇಳಿದರೆ ಭಾವಗೀತೆ, ಯಕ್ಷಗಾನದ ಪದ, ಮಲಯಾಳದ ಸಿನಿಮಾ ಹಾಡು ಎಂದು ಹೇಳಿ ಅವನು ನಿಲ್ಲಿಸಿಬಿಡುತ್ತಾನೆ. ಉಳಿದುದನ್ನು ಹೇಳುವುದಿಲ್ಲ. ಉಳಿದುದೆಂದರೆ ರಾತ್ರಿ ಇಯರ್‌ಫೋನಿನಲ್ಲಿ ಕೇಳುವ ಹಾಡುಗಳು: ಹ್ಯಾಪಿ ಎಂಡ್ ಎಂಬ ಜಪಾನೀ ತಂಡದ ‘ಕಜೆಮಚಿ ರೊಮನ್’, ಫಿಶ್‌ಮನ್ಸ್ ತಂಡದ ‘ಲಾಂಗ್ ಸೀಸನ್’, ಐಸ್‌ಲೆಂಡಿನ ಸಿಗುರ್ ರೋಸ್, ವೇಲ್ಸಿನ ಸೂಪರ್ ಫರ್ರಿ ಅನಿಮಲ್ಸ್. ಇಂಥ ಪಟ್ಟಿಯುಳ್ಳ ಕೇಳುಗರು ಗಡಿನಾಡಿನ ಕಾಲೇಜುಗಳಲ್ಲಿ ಒಬ್ಬಿಬ್ಬರಲ್ಲ. ಬಾಯಿಬಿಟ್ಟು ಹೇಳುವವರು ಮಾತ್ರ ವಿರಳ.

ಈ ಸಂಕೋಚಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಹಿರಿಯರ ಆಕ್ಷೇಪ: ಗಡಿಯಾಚೆ ಕನ್ನಡವನ್ನು ಉಳಿಸಿಕೊಳ್ಳುವುದೇ ಕಷ್ಟವಾಗಿರುವಾಗ ಇನ್ನು ಜಪಾನಿನ ಹಾಡು ಬೇರೆಯೇ? ಇದಕ್ಕೆ ಉತ್ತರ ಸುಲಭ. ಮಂಜೇಶ್ವರದ ಗೋವಿಂದ ಪೈಗಳು ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದವರು. ಅದರಿಂದ ಮಂಜೇಶ್ವರದ ಕನ್ನಡಕ್ಕೆ ಯಾವ ಕುಂದೂ ಬರಲಿಲ್ಲ. ಎರಡನೆಯ ಕಾರಣ ಕೇಳುಗನೊಳಗೇ ಇರುವುದು, ಹೆಚ್ಚು ಅಪಾಯದ್ದು. ಇಂಥ ಸಂಗೀತ ಕನ್ನಡದಲ್ಲಿ ಆಗುವುದಿಲ್ಲ, ಕನ್ನಡದ ಪದಗಳು ಉದ್ದ, ಗಿಟಾರಿನ ಲಯಕ್ಕೆ ಅವು ಕೂರುವುದಿಲ್ಲ ಎಂಬ ನಂಬಿಕೆ ಅದು. ಅದನ್ನು ನಂಬಿದವನು ಹಾಡು ಕಟ್ಟಲು ಕುಳಿತಾಗ ಇಂಗ್ಲಿಷಿನಲ್ಲಿ ಕಟ್ಟುತ್ತಾನೆ. ತರಗತಿಯಲ್ಲಿ ಹಳಗನ್ನಡವನ್ನು ಓದಿ ಹೊರಗೆ ಬಂದು ಅರೆಬೆಂದ ಇಂಗ್ಲಿಷಿನಲ್ಲಿ ವಿರಹವನ್ನು ಹಾಡುವ ಈ ವಿಚಿತ್ರವನ್ನು ಅವನ ಗೆಳೆಯರು ಕಂಡೂ ಕಾಣದಂತಿರುತ್ತಾರೆ.

ವಿಪರ್ಯಾಸವೆಂದರೆ, ಅವನು ಮೆಚ್ಚಿ ಕೇಳುವ ಆಲ್ಬಮ್ಮುಗಳಲ್ಲಿ ಕೆಲವು ಹುಟ್ಟಿದುದೇ ಈ ನಂಬಿಕೆಯನ್ನು ಎದುರಿಸಿ.

1970ರ ಸುಮಾರಿಗೆ ಜಪಾನಿನ ಸಂಗೀತ ಪತ್ರಿಕೆಗಳಲ್ಲಿ ಒಂದು ವಾಗ್ವಾದ ನಡೆಯಿತು. ಜಪಾನೀ ಭಾಷೆಯಲ್ಲಿ ರಾಕ್ ಹಾಡಲು ಸಾಧ್ಯವೇ ಎಂಬುದು ಅದರ ವಿಷಯ. ಸಾಧ್ಯವಿಲ್ಲ, ಸಾಧ್ಯವಾದರೂ ಅದು ಲೋಕವನ್ನು ಮುಟ್ಟುವುದಿಲ್ಲ ಎಂದವರ ಮುಂದಾಳು ಉಚಿದ ಯೂಯಾ. ಅವರ ಬೆಂಬಲದಲ್ಲಿ ಬೆಳೆದ ಫ್ಲವರ್ ಟ್ರಾವೆಲಿನ್ ಬ್ಯಾಂಡ್ ಇಂಗ್ಲಿಷಿನಲ್ಲಿ ಹಾಡಿತು, ಕೆನಡಾಕ್ಕೂ ಹೋಗಿ ನುಡಿಸಿತು. ಎದುರು ಪಕ್ಷದಲ್ಲಿ ನಿಂತದ್ದು ಹ್ಯಾಪಿ ಎಂಡ್: ಬಾಸ್ ನುಡಿಸುವ ಹೊಸೊನೊ ಹರುಓಮಿ, ಗಾಯಕ ಓತಕಿ ಏಯಿಚಿ, ಗಿಟಾರಿನ ಸುಜುಕಿ ಶಿಗೆರು, ಮತ್ತು ಡ್ರಮ್ ಬಾರಿಸುತ್ತಲೇ ಸಾಹಿತ್ಯ ಬರೆಯುತ್ತಿದ್ದ ಮತ್ಸುಮೊತೊ ತಕಾಶಿ. ಅಮೆರಿಕದ ಬಫಲೋ ಸ್ಪ್ರಿಂಗ್‌ಫೀಲ್ಡ್‌ನಂಥ ತಂಡಗಳ ನಾದವನ್ನು ಅವರು ಧಾರಾಳವಾಗಿ ತೆಗೆದುಕೊಂಡರು. ಭಾಷೆಯನ್ನು ಮಾತ್ರ ತೆಗೆದುಕೊಳ್ಳಲಿಲ್ಲ.

ಉಚಿದ ಹೇಳಿದ್ದನ್ನು ತಳ್ಳಿಹಾಕುವಂತಿಲ್ಲ. ಅವರ ತಂಡದ ‘ಸತೊರಿ’ (1971) ಇಂದಿಗೂ ಕೇಳುಗನ ಎದೆ ನಡುಗಿಸುವಷ್ಟು ಬಲಿಷ್ಠವಾದ ಆಲ್ಬಮ್. ಆದರೆ ಅದರ ಬಲ ಗಿಟಾರಿನದು, ಕಂಠದ ಕೂಗಿನದು. ಅದರ ಮಾತುಗಳನ್ನು ತೆಗೆದುಬಿಟ್ಟರೂ ಹೆಚ್ಚೇನೂ ನಷ್ಟವಾಗದು. ಅದೇ ವರ್ಷ ಬಂದ ‘ಕಜೆಮಚಿ ರೊಮನ್’ನಲ್ಲಿ ಮಾತು ತೆಗೆದರೆ ಆಲ್ಬಮ್ಮೇ ಉಳಿಯದು. ‘ಕಜೆಮಚಿ’ ಎಂದರೆ ಗಾಳಿಯ ಊರು. 1964ರ ಒಲಿಂಪಿಕ್ಸ್‌ಗಾಗಿ ಟೋಕಿಯೊ ನಗರವನ್ನು ಅಗೆದು ಅಗಲಿಸಿದಾಗ ಕಳೆದುಹೋದ ತನ್ನ ಬಾಲ್ಯದ ಬೀದಿಗಳಿಗೆ ಮತ್ಸುಮೊತೊ ಕೊಟ್ಟ ಹೆಸರು ಅದು. ಕಳೆದುಹೋದ ಬೀದಿಯನ್ನು ಪರಭಾಷೆಯಲ್ಲಿ ಹಾಡುವುದು ಅವರಿಂದ ಆಗುತ್ತಿರಲಿಲ್ಲ.

ಈ ಆಲ್ಬಮ್ಮಿನ ಒಂದು ಹಾಡಿನ ಶೀರ್ಷಿಕೆಯನ್ನು ಅಲಂಕಾರ ಓದಿದ ವಿದ್ಯಾರ್ಥಿಗಳು ಗಮನಿಸಬೇಕು: ‘ಹೈಕರಾ ಹಕುಚಿ’. ‘ಹೈಕರಾ’ ಎಂಬುದು ಇಂಗ್ಲಿಷಿನ ‘ಹೈ ಕಾಲರ್’ ಎಂಬುದರಿಂದ ಬಂದದ್ದು. ಪಾಶ್ಚಾತ್ಯ ಷೋಕಿಯವನು ಎಂದರ್ಥ. ‘ಹಕುಚಿ’ ಎಂದರೆ ಮಂದಮತಿ. ಅಲ್ಲಿಗೆ ‘ಷೋಕಿಯ ಪೆದ್ದ’ ಎಂದಾಯಿತು. ಅದೇ ಅಕ್ಷರಗಳನ್ನು ‘ಹೈ-ಕರಾ ಹಕು ಚಿ’ ಎಂದು ಬಿಡಿಸಿದರೆ ‘ಶ್ವಾಸಕೋಶದಿಂದ ಕಕ್ಕುವ ರಕ್ತ’ ಎಂಬ ಅರ್ಥ ಬರುತ್ತದೆ. ಪದವನ್ನು ಬೇರೆಡೆ ಒಡೆದು ಬೇರೆ ಅರ್ಥವನ್ನು ಹೊರಡಿಸುವ ಇದು ಶುದ್ಧ ಸಭಂಗ ಶ್ಲೇಷ. ಪಾಶ್ಚಾತ್ಯ ಸಂಗೀತವನ್ನೇ ನುಡಿಸುತ್ತ, ಪಾಶ್ಚಾತ್ಯ ಷೋಕಿಯನ್ನು ಗೇಲಿ ಮಾಡುತ್ತ, ಆ ಗೇಲಿಯೊಳಗೆ ತಮ್ಮನ್ನೂ ಸೇರಿಸಿಕೊಂಡು, ಅದರಡಿಯಲ್ಲಿ ನೋವನ್ನೂ ಇಟ್ಟ ಈ ಶ್ಲೇಷ ಇಂಗ್ಲಿಷಿನಲ್ಲಿ ಹುಟ್ಟುವಂತಿರಲಿಲ್ಲ.

ಇನ್ನು ಲಯದ ಪ್ರಶ್ನೆ. ಜಪಾನೀ ನುಡಿ ಮಾತ್ರೆಗಳ ಮೇಲೆ ನಡೆಯುತ್ತದೆ. ಹೈಕುವಿನಲ್ಲಿ 5-7-5 ಎಂದು ಎಣಿಸುವುದು ಈ ಮಾತ್ರೆಗಳನ್ನೇ. ‘ನಿಪ್ಪೊನ್’ ಎಂಬುದನ್ನು ಜಪಾನೀಯರು ನಾಲ್ಕಾಗಿ ಎಣಿಸುತ್ತಾರೆ. ನಮ್ಮ ಛಂದಸ್ಸಿನ ಲೆಕ್ಕದಲ್ಲೂ ಅದು ಎರಡು ಗುರು, ನಾಲ್ಕು ಮಾತ್ರೆ. ‘ಟೋಕ್ಯೋ’ ಅಲ್ಲಿಯೂ ನಾಲ್ಕು, ಇಲ್ಲಿಯೂ ನಾಲ್ಕು. ‘ಓಸಕ’ ಗುರು-ಲಘು-ಲಘು, ಅದೂ ನಾಲ್ಕು. ಲಘು-ಗುರು ಹಾಕುವುದನ್ನು ಪರೀಕ್ಷೆಯ ಅಂಕಕ್ಕಾಗಿ ಮಾತ್ರ ಕಲಿತವನಿಗೂ ಜಪಾನೀ ಹಾಡಿನ ಒಳಗಟ್ಟು ಇಂಗ್ಲಿಷ್ ಮಾತ್ರ ಬಲ್ಲವನಿಗಿಂತ ಬೇಗ ಹಿಡಿಯುತ್ತದೆ. ತನಗೆ ಆ ಹಾಡುಗಳು ಏಕೆ ಹತ್ತಿರವೆನಿಸುತ್ತವೆ ಎಂದು ಬೆರಗಾಗುವ ಕೇಳುಗನ ಕಿವಿಗೆ ಅವನ ಪಠ್ಯಪುಸ್ತಕದಲ್ಲಿಯೇ ಅರ್ಧ ಉತ್ತರವಿದೆ.

ಮಾತ್ರೆಯ ನುಡಿಗೆ ಒಂದು ಕಷ್ಟವೂ ಉಂಟು. ‘ಐ ಲವ್ ಯೂ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಮೂರು ಸ್ವರ ಸಾಕು. ಜಪಾನಿಯ ‘ಐಶಿತೆರು’ವಿಗೆ ಐದು ಮಾತ್ರೆ ಬೇಕು. ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂದರೆ ಹತ್ತು ಅಕ್ಷರ. ಮಾತ್ರೆಗಳನ್ನು ಎಣಿಸುವಷ್ಟರಲ್ಲಿ ಪ್ರೀತಿಯೇ ಆರಿಹೋದೀತು. ಕನ್ನಡ ರಾಕ್‌ಗೆ ಒಗ್ಗದು ಎನ್ನುವವರು ಎತ್ತಿಹಿಡಿಯುವುದು ಇಂಥ ಉದಾಹರಣೆಗಳನ್ನೇ. ಆದರೆ ಈ ವಾಕ್ಯವನ್ನು ಕನ್ನಡ ಮನೆಗಳಲ್ಲಿ ಯಾರು ಯಾರಿಗೆ ಹೇಳಿದ್ದಾರೆ? ಇದು ಇಂಗ್ಲಿಷಿನ ಭಾವಕ್ಕೆ ಹೊಲಿಸಿದ ಕನ್ನಡದ ಅಂಗಿ. ‘ಐಶಿತೆರು’ ಎಂಬಲ್ಲಿ ನಾನೂ ಇಲ್ಲ, ನೀನೂ ಇಲ್ಲ. ಅವೆರಡನ್ನೂ ಸಂದರ್ಭಕ್ಕೆ ಬಿಡಲಾಗಿದೆ. ಸರ್ವನಾಮವನ್ನು ಬಿಟ್ಟು ಮಾತನಾಡುವ ಸೌಕರ್ಯ ಕನ್ನಡಕ್ಕೂ ಇದೆ, ಕ್ರಿಯಾಪದವೇ ಕರ್ತೃವನ್ನು ಹೊತ್ತಿರುವುದರಿಂದ ಜಪಾನಿಗಿಂತ ಹೆಚ್ಚಾಗಿಯೇ ಇದೆ. ಅಂದಮೇಲೆ ತೊಡಕು ಪದದ ಉದ್ದದ್ದಲ್ಲ, ಅನುವಾದ ಮಾಡಿ ಪ್ರೀತಿಸುವುದರದು.

ಲಯಕ್ಕೆ ಕೂರುವುದಿಲ್ಲ ಎಂಬ ಮಾತನ್ನೂ ಕೈಬೆರಳಲ್ಲಿ ಎಣಿಸಿ ನೋಡಬಹುದು. ರಾಕ್ ಸಂಗೀತದ ಸಾಮಾನ್ಯ ಆವರ್ತಕ್ಕೆ ನಾಲ್ಕು ಹೊಡೆತ. ಒಂದೊಂದನ್ನೂ ನಾಲ್ಕಾಗಿ ಒಡೆದರೆ ಹದಿನಾರು. ಮಂದಾನಿಲ ರಗಳೆಯ ಒಂದು ಸಾಲಿಗೂ ಹದಿನಾರು ಮಾತ್ರೆ. ಹರಿಹರನ ರಗಳೆಯನ್ನು ಡ್ರಮ್ಮಿಗೆ ಕೂಡಿಸಿದರೆ ರಾಕ್ ಆಗಿಬಿಡುತ್ತದೆಂದು ಇದರ ಅರ್ಥವಲ್ಲ. ಡ್ರಮ್ಮಿನ ಗಟ್ಟಿ ಪೆಟ್ಟು ಎರಡನೆಯ, ನಾಲ್ಕನೆಯ ಹೊಡೆತಕ್ಕೆ ಬೀಳುತ್ತದೆ, ಕನ್ನಡದ ಒತ್ತು ಗಣದ ಮೊದಲಿಗೆ ಬೀಳುತ್ತದೆ. ಇವೆರಡರ ನಡುವೆ ಜಗ್ಗಾಟ ನಡೆದೇ ತೀರುತ್ತದೆ. ಹ್ಯಾಪಿ ಎಂಡ್ ತಂಡದವರು ಅಂಥ ಜಗ್ಗಾಟವನ್ನು ಮರೆಮಾಚಲಿಲ್ಲ. ಸ್ವರಗಳನ್ನು ಎಳೆದು, ಪದವನ್ನು ಅನಿರೀಕ್ಷಿತವಾದ ಕಡೆ ಮುರಿದು ಹಾಡಿದರು. ಆ ಎಳೆತವೇ ಅವರ ಶೈಲಿಯಾಯಿತು.

ಇದೇ ಜಿಲ್ಲೆಯ ನೆಲದಲ್ಲಿ ಇಂಥದೇ ಒಂದು ವಾದ ಅದಕ್ಕಿಂತ ಅರವತ್ತು ವರ್ಷ ಮೊದಲು ನಡೆದಿತ್ತು. 1911ರಲ್ಲಿ ಗೋವಿಂದ ಪೈಗಳು ಪ್ರಾಸವನ್ನು ಬಿಟ್ಟು ಬರೆದಾಗ, ಪ್ರಾಸವಿಲ್ಲದ್ದು ಕನ್ನಡ ಕಾವ್ಯವೇ ಎಂದು ಹುಬ್ಬೇರಿಸಿದವರು ಕಡಿಮೆಯಿರಲಿಲ್ಲ. ಬಳಿಕ 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಬಂದಾಗ ಇಂಗ್ಲಿಷ್ ಭಾವಗೀತೆಗೆ ಕನ್ನಡದ ಮಾತ್ರಾಗಣಗಳಲ್ಲಿ ಮನೆ ಕಟ್ಟಬಹುದೆಂದು ಬಿ.ಎಂ.ಶ್ರೀ ಮಾಡಿ ತೋರಿಸಿದರು. ನವೋದಯದ ಪಾಠದಲ್ಲಿ ಇದನ್ನೆಲ್ಲ ಬರೆದು ಅಂಕ ಪಡೆದವರೇ ಗಿಟಾರ್ ಕೈಗೆ ಬಂದೊಡನೆ ಮರೆಯುತ್ತಾರೆ.

ಮಾತು ತಿಳಿಯದೆ ಹಾಡನ್ನು ಮೆಚ್ಚಬಾರದೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಸಿಗುರ್ ರೋಸ್ ತಂಡದ 2002ರ ಆಲ್ಬಮ್ಮಿಗೆ ಹೆಸರಿಲ್ಲ, ಎರಡು ಕಂಸಗಳಷ್ಟೇ, ಹಾಡುಗಳಿಗೂ ಹೆಸರಿಲ್ಲ, ಹಾಡಿದ ನುಡಿಗೆ ಅರ್ಥವೂ ಇಲ್ಲ. ಜೊತೆಗೆ ಕೊಟ್ಟ ಪುಸ್ತಿಕೆಯ ಪುಟಗಳು ಖಾಲಿ, ಬೇಕಾದುದನ್ನು ಕೇಳುಗನೇ ಬರೆದುಕೊಳ್ಳಬೇಕು. ತಿಲ್ಲಾನ ಕೇಳಿದ ಕಿವಿಗೆ ಇದೇನೂ ವಿಪರೀತವಲ್ಲ. ಫಿಶ್‌ಮನ್ಸ್‌ನ ‘ಲಾಂಗ್ ಸೀಸನ್’ (1996) ಮೂವತ್ತೈದು ನಿಮಿಷಗಳ ಒಂದೇ ಹಾಡು. ಸತೊ ಶಿಂಜಿಯ ಸಣ್ಣ, ಎತ್ತರದ ಕಂಠದಿಂದ ಕೆಲವೇ ಮಾತುಗಳು ಒಂದೊಂದು ಮಾತ್ರೆಯಾಗಿ ಸೋಗೆಯಿಂದ ಹನಿ ತೊಟ್ಟಿಕ್ಕಿದಂತೆ ಬೀಳುತ್ತವೆ. ಮೂರು ವರ್ಷಗಳಲ್ಲಿ ಆ ಗಾಯಕ ತೀರಿಕೊಂಡನೆಂದು ತಿಳಿದು ಕೇಳಿದರೂ, ತಿಳಿಯದೆ ಕೇಳಿದರೂ ಅದರ ಗುಂಗು ಬಿಡದು.

ಆದರೆ ಎಲ್ಲ ಮೆಚ್ಚುಗೆಯೂ ಒಂದೇ ತೂಕದ್ದಲ್ಲ. ತಕೆಉಚಿ ಮರಿಯಾರ 1984ರ ‘ಪ್ಲಾಸ್ಟಿಕ್ ಲವ್’ ಸುಮಾರು 2017ರಿಂದ ಯೂಟ್ಯೂಬ್ ತಾನಾಗಿ ಮುಂದೊಡ್ಡಿದ ಕಾರಣ ಲೋಕವನ್ನೆಲ್ಲ ಸುತ್ತಿತು. ಒಳ್ಳೆಯ ಹಾಡು, ಅನುಮಾನವಿಲ್ಲ. ಅದರ ಬೆನ್ನಿಗೆ ಎಂಬತ್ತರ ದಶಕದ ಜಪಾನಿನ ನಗರ, ನಿಯಾನ್ ದೀಪ, ರಾತ್ರಿಯ ಹೆದ್ದಾರಿಗಳ ಬಗ್ಗೆ ಎಂದೂ ಅಲ್ಲಿರದವರ ಹಂಬಲವೊಂದು ಹುಟ್ಟಿಕೊಂಡಿದೆ. ಅಲ್ಲಿ ಜಪಾನೀ ಭಾಷೆ ಗೋಡೆಗೆ ಹಚ್ಚಿದ ಬಣ್ಣದಂತೆ, ಅದು ಏನನ್ನು ಹೇಳುತ್ತಿದೆ ಎಂಬುದು ಯಾರಿಗೂ ಬೇಡ. 1963ರಲ್ಲಿ ಸಕಮೊತೊ ಕ್ಯೂ ಅವರ ಜಪಾನೀ ಹಾಡು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದಾಗಲೂ ಇದೇ ಆಗಿತ್ತು: ತಲೆಯೆತ್ತಿ ನಡೆಯುವವನ ಆ ಹಾಡಿಗೆ ಹೊರನಾಡಿನಲ್ಲಿ ಇಟ್ಟ ಹೆಸರು ‘ಸುಕಿಯಾಕಿ’, ಅಂದರೆ ಗೋಮಾಂಸದ ಒಂದು ಅಡುಗೆ. ಹಾಡಿಗೂ ಅಡುಗೆಗೂ ಯಾವ ಸಂಬಂಧವೂ ಇಲ್ಲ. ತನ್ನ ನುಡಿಗೆ ಇಂಥ ಮರ್ಯಾದೆ ಸಿಕ್ಕರೆ ಹೇಗಿರುತ್ತದೆಂದು ಗಡಿನಾಡಿನವನಿಗೆ ಯಾರೂ ವಿವರಿಸಬೇಕಿಲ್ಲ. ಊರಿನ ಹೆಸರಿನ ಹಲಗೆಯಲ್ಲಿ ಅವನು ಅದನ್ನು ದಿನವೂ ಕಾಣುತ್ತಾನೆ.

ಹೀಗಾಗಿ ಅವನ ಪಟ್ಟಿಯಲ್ಲಿ ಸೂಪರ್ ಫರ್ರಿ ಅನಿಮಲ್ಸ್ ಇರುವುದು ಆಕಸ್ಮಿಕವಲ್ಲ. ಹೆಚ್ಚಾಗಿ ಇಂಗ್ಲಿಷಿನಲ್ಲಿ ಹಾಡಿ ಹೆಸರು ಮಾಡಿದ ಈ ತಂಡ 2000ದಲ್ಲಿ ‘ಮುಂಗ್’ ಎಂಬ ಆಲ್ಬಮ್ಮನ್ನು ಪೂರ್ತಿಯಾಗಿ ವೆಲ್ಷ್ ಭಾಷೆಯಲ್ಲಿ ಹಾಡಿ ತನ್ನದೇ ಸಂಸ್ಥೆಯಿಂದ ಹೊರತಂದಿತು. 2001ರ ಜನಗಣತಿಯಂತೆ ವೇಲ್ಸಿನಲ್ಲಿ ಆ ಭಾಷೆಯನ್ನಾಡುವವರು ಆರು ಲಕ್ಷಕ್ಕೂ ಕಡಿಮೆ. ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ 11ನೆಯ ಸ್ಥಾನಕ್ಕೆ ಬಂತು. ‘ಮುಂಗ್’ ಎಂದರೆ ಕುದುರೆಯ ಕತ್ತಿನ ಅಯಾಲು, ಅಷ್ಟೇ. ನುಡಿಯನ್ನು ಉಳಿಸಿ ಎಂಬ ಘೋಷಣೆ ಆ ಹೆಸರಿನಲ್ಲಿ ಎಲ್ಲಿಯೂ ಇಲ್ಲ. ಕನ್ನಡದ ಹೊಸ ಹಾಡುಗಳು ಕನ್ನಡವನ್ನು ಹೊಗಳುವುದರಲ್ಲಿಯೇ ದಣಿಯುವುದನ್ನು ಕೇಳಿದವರಿಗೆ ಈ ಕುದುರೆಯ ಅಯಾಲು ಕೊಂಚ ಅಸೂಯೆ ಹುಟ್ಟಿಸೀತು.

ಹ್ಯಾಪಿ ಎಂಡ್ ಹೆಚ್ಚು ಕಾಲ ಬಾಳಲಿಲ್ಲ. ಮೂರನೆಯ ಆಲ್ಬಮ್ಮಿಗಾಗಿ 1972ರಲ್ಲಿ ತಂಡ ತಾನು ಆರಾಧಿಸುತ್ತಿದ್ದ ಅಮೆರಿಕಕ್ಕೇ, ಲಾಸ್ ಏಂಜಲೀಸಿಗೆ ಹೋಯಿತು. ಅದು ಹೊರಬರುವ ಮೊದಲೇ ಒಡೆಯಿತು. ಮುಂದೆ ಹೊಸೊನೊ ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾವನ್ನು ಕಟ್ಟಿದರು. ಓತಕಿ 1981ರಲ್ಲಿ ‘ಎ ಲಾಂಗ್ ವೆಕೇಶನ್’ ತಂದರು. ಮತ್ಸುಮೊತೊ ಎರಡು ಸಾವಿರಕ್ಕೂ ಮಿಕ್ಕಿ ಗೀತೆಗಳನ್ನು ಬರೆದರು, ಎಲ್ಲವೂ ರಾಕ್‌ಗೆ ಒಗ್ಗದೆನ್ನಿಸಿಕೊಂಡಿದ್ದ ಭಾಷೆಯಲ್ಲಿಯೇ. ಆ ಕೊನೆಯ ಆಲ್ಬಮ್ಮಿನ ಕೊನೆಯ ಹಾಡನ್ನು ತಂಡದವರು ಅಮೆರಿಕದ ವಾನ್ ಡೈಕ್ ಪಾರ್ಕ್ಸ್ ಜೊತೆಗೂಡಿ ಮಾಡಿದರು. ಅದರ ಹೆಸರು ‘ಸಯೊನರಾ ಅಮೆರಿಕ, ಸಯೊನರಾ ನಿಪ್ಪೊನ್’. ಹಳೆಯ ಜಪಾನೂ ಅಲ್ಲದ, ಕನಸಿನ ಅಮೆರಿಕವೂ ಅಲ್ಲದ ಎಡೆಯಲ್ಲಿ ನಿಂತು ಎರಡಕ್ಕೂ ಕೈಬೀಸುವ ಆ ಹಾಡನ್ನು ಮಂಜೇಶ್ವರದಿಂದ ಹೊರಟ ರೈಲಿನಲ್ಲಿ ಕುಳಿತವನೊಬ್ಬ ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ಕೇಳುತ್ತಾನೆ.