ಹಳೇ ಹೆಸರಿಗೆ ಮುಖವಾಡ ಬೇಡ, ಹೊಸ ಹೆಸರಿಡಿ

ಒಂದು ಗ್ರಾಮಸಭೆಯ ಇಡೀ ರೆಕಾರ್ಡಿಂಗ್ ಕಳೆದುಕೊಂಡೆವು. ಯಾರೂ ಕದಿಯಲಿಲ್ಲ, ಮೊಬೈಲೂ ಕೆಡಲಿಲ್ಲ. ನಮ್ಮ ಕೈಯೇ ಅಳಿಸಿತು. ಕುಡಿಯುವ ನೀರಿನ ಬಗ್ಗೆ ಹೆಂಗಸರು ಎದ್ದು ನಿಂತು ಕೇಳಿದ ಪ್ರಶ್ನೆ, ಅದಕ್ಕೆ ಸಿಕ್ಕ ಭರವಸೆ ಎರಡೂ ಹೋದವು. ಮುಂದೆ ‘ನಾವು ಹಾಗೆ ಹೇಳೇ ಇಲ್ಲ’ ಎಂದವರಿಗೆ ಕೇಳಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ.

ಆದದ್ದಿಷ್ಟು. ನಾವು ಮೊಬೈಲಿನಲ್ಲಿ ಟರ್ಮಕ್ಸ್ ಎಂಬ ಆ್ಯಪ್ ಬಳಸುತ್ತೇವೆ. ಐಕಾನ್ ಒತ್ತುವ ಬದಲು ಆಜ್ಞೆ ಬರೆದು ಕೆಲಸ ಮಾಡಿಸುವ ಕಪ್ಪು ಪರದೆ ಅದು. ಆಜ್ಞೆಯನ್ನು ಓದಿ ನಡೆಸುವ ತಂತ್ರಾಂಶಕ್ಕೆ ಶೆಲ್ ಎನ್ನುತ್ತಾರೆ. ಅದರಲ್ಲಿ ಫೈಲ್ ಅಳಿಸುವ ಆಜ್ಞೆ ‘ಆರ್‌ಎಂ’. ಅದು ಕಸದ ಬುಟ್ಟಿಗೆ ಹಾಕುವುದಿಲ್ಲ, ನೇರವಾಗಿ ಅಳಿಸುತ್ತದೆ. ಈ ಭಯಕ್ಕೆ ಎಲ್ಲಿಂದಲೋ ಒಂದು ಶಾರ್ಟ್‌ಕಟ್ ನಕಲು ಮಾಡಿಕೊಂಡಿದ್ದೆವು. ಆರ್‌ಎಂ ಎಂದು ಬರೆದರೆ ಒಂದೊಂದು ಫೈಲಿಗೂ ‘ಅಳಿಸಲೇ?’ ಎಂದು ಕೇಳುತ್ತಿತ್ತು. ಕೈಗೆ ಅದೇ ರೂಢಿಯಾಯಿತು. ಒಂದು ದಿನ ರೆಕಾರ್ಡಿಂಗ್‌ಗಳನ್ನೆಲ್ಲ ಬೇರೆಯವರ ಲ್ಯಾಪ್‌ಟಾಪ್‌ಗೆ ಹಾಕಿ, ಮೊಬೈಲಿನಲ್ಲಿ ಜಾಗ ಖಾಲಿ ಮಾಡಿ, ಆ ಲ್ಯಾಪ್‌ಟಾಪಿನಲ್ಲಿ ಆರ್‌ಎಂ ಬರೆದೆವು. ಕೇಳಿದಾಗ ಬೇಕಾದದ್ದನ್ನು ಉಳಿಸಿಕೊಂಡರಾಯಿತು ಎಂದುಕೊಂಡಿದ್ದೆವು. ಅದು ಕೇಳಲೇ ಇಲ್ಲ.

ತಪ್ಪು ನಮ್ಮದೇ. ಆದರೆ ಈ ತಪ್ಪಿಗೆ ದಾರಿ ಮಾಡುವ ಪದ್ಧತಿಯನ್ನು ಪ್ರಶ್ನಿಸಲೇಬೇಕು. 2009ರಲ್ಲಿ ರಾಬಿ ರಸೆಲ್ ಶುರು ಮಾಡಿದ ‘ಓ ಮೈ ಜೆಡ್‌ಎಸ್‌ಎಚ್’ ಎಂಬ ಹೆಸರುವಾಸಿ ಕಟ್ಟಿನಲ್ಲಿ ಈಗ 300ಕ್ಕೂ ಹೆಚ್ಚು ಪ್ಲಗಿನ್‌ಗಳಿವೆ. ಪ್ಲಗಿನ್ ಎಂದರೆ ಶೆಲ್‌ಗೆ ಸೇರಿಸಿಕೊಳ್ಳುವ ಸಿದ್ಧ ಸೌಲಭ್ಯ. ಅವುಗಳಲ್ಲಿ ‘ಕಾಮನ್ ಏಲಿಯಾಸಸ್’ ಎಂಬುದು ಅಳಿಸುವ, ನಕಲಿಸುವ, ಸ್ಥಳಾಂತರಿಸುವ ಮೂರೂ ಆಜ್ಞೆಗಳಿಗೆ ಹಳೇ ಹೆಸರಿನಲ್ಲೇ ‘ಮೊದಲು ಕೇಳು’ ಎಂಬ ಗುಣ ಅಂಟಿಸುತ್ತದೆ. ಸದುದ್ದೇಶವೇ. ಆದರೂ ಇದನ್ನು ನಾವು ಒಪ್ಪುವುದಿಲ್ಲ.

‘ಕೇಳುವುದು ಒಳ್ಳೆಯದಲ್ಲವೇ?’ ಎನ್ನಬಹುದು. ಕೇಳುವುದು ಒಳ್ಳೆಯದೇ. ಹೆಸರು ಬದಲಿಸದೆ ಗುಣ ಬದಲಿಸುವುದು ಕೆಟ್ಟದ್ದು. ಮನೆಯ ಹಸು ಹಾಯುವುದಿಲ್ಲವೆಂದು ಊರಿನ ಹಸುಗಳಿಗೆಲ್ಲ ಕೈ ಚಾಚಿದ ಹಾಗಾಗುತ್ತದೆ.

ಹಾಗಾದರೆ ಸುಧಾರಣೆ ಹೇಗೆ? ಹೊಸ ಗುಣಕ್ಕೆ ಹೊಸ ಹೆಸರಿಡಿ. ಅದೂ ಕನ್ನಡದಲ್ಲಿ! ಬ್ಯಾಷ್ ಶೆಲ್ ಶಾರ್ಟ್‌ಕಟ್‌ಗೆ ಕನ್ನಡ ಹೆಸರನ್ನೂ ಒಪ್ಪುತ್ತದೆ. ‘ಏಲಿಯಾಸ್’ ಎಂಬ ಆಜ್ಞೆ ಬರೆದು, ಜಾಗ ಬಿಟ್ಟು, ‘ಕೇಳಿಅಳಿಸು’ ಎಂಬ ಹೆಸರು, ಅದಕ್ಕಂಟಿಕೊಂಡೇ ಸಮ ಚಿಹ್ನೆ, ಆಮೇಲೆ ಉದ್ಧರಣ ಚಿಹ್ನೆಯೊಳಗೆ ಆರ್‌ಎಂ, ಜಾಗ, ಅಡ್ಡಗೆರೆ, ಐ. ಇಷ್ಟೇ. ಕೆಲವು ಪರದೆಗಳಲ್ಲಿ ಒತ್ತಕ್ಷರ ಸರಿಯಾಗಿ ಮೂಡುವುದಿಲ್ಲ, ಆದ್ದರಿಂದ ಒತ್ತಿಲ್ಲದ ಪದ ಆರಿಸಿ. ಕನ್ನಡ ಕೀಬೋರ್ಡ್ ತೊಡಕಾದರೆ ಅದೇ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ.

ಇದರ ಲಾಭ ನೋಡಿ. ಬೇರೆಯವರ ಕಂಪ್ಯೂಟರಿನಲ್ಲಿ ‘ಕೇಳಿಅಳಿಸು’ ಎಂದು ಬರೆದರೆ ‘ಇಂಥ ಆಜ್ಞೆ ಇಲ್ಲ’ ಎಂಬ ಉತ್ತರ ಬರುತ್ತದೆ. ಒಂದು ಫೈಲೂ ಅಳಿಯುವುದಿಲ್ಲ. ಮುಖವಾಡದ ಹೆಸರು ಕೈಕೊಟ್ಟರೆ ದಾಖಲೆ ಹೋಗುತ್ತದೆ. ಹೊಸ ಹೆಸರು ಕೈಕೊಟ್ಟರೆ ಅರ್ಧ ನಿಮಿಷ ಹೋಗುತ್ತದೆ.

ಪ್ಲಗಿನ್ ಬರೆಯುವವರಿಗೆ ನಮ್ಮ ಒತ್ತಾಯ ಒಂದೇ: ಇರುವ ಆಜ್ಞೆಯ ಹೆಸರನ್ನು ಮುಟ್ಟಬೇಡಿ. ಮುಟ್ಟಲೇಬೇಕಾದರೆ ಬಳಸುವವರನ್ನು ಕೇಳಿ ಮುಟ್ಟಿ.

ಓದುಗರೇ, ಇವತ್ತೇ ನಿಮ್ಮ ಟರ್ಮಕ್ಸ್ ತೆರೆದು ‘ಏಲಿಯಾಸ್’ ಎಂದಷ್ಟೇ ಬರೆಯಿರಿ. ಹಾಕಿಕೊಂಡಿರುವ ಶಾರ್ಟ್‌ಕಟ್‌ಗಳೆಲ್ಲ ಸಾಲಾಗಿ ಕಾಣುತ್ತವೆ. ಅರ್ಥವಾಗದ್ದನ್ನು ತೆಗೆದುಹಾಕಿ. ಬೇರೆಯವರ ಯಂತ್ರದಲ್ಲಿ ಕೂತರೆ ಮೊದಲು ‘ಟೈಪ್ ಆರ್‌ಎಂ’ ಎಂದು ಕೇಳಿ. ಆ ಹೆಸರಿನ ಹಿಂದೆ ಯಾರಿದ್ದಾರೆಂದು ಶೆಲ್ಲೇ ಹೇಳುತ್ತದೆ. ನಾವು ಅದನ್ನು ಕೇಳಿದ್ದರೆ ಆ ಹೆಂಗಸರ ಪ್ರಶ್ನೆ ಇನ್ನೂ ನಮ್ಮ ಹತ್ತಿರ ಇರುತ್ತಿತ್ತು.