ಹಠಾತ್ ಸಾವು: ಸಂಶಯ ಲಸಿಕೆಯ ಮೇಲೆ, ಉತ್ತರ ಇರುವುದು ಬೇರೆ ಕಡೆ

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೆ ಒಂದರಂತೆ ಹೃದಯಾಘಾತದ ಸುದ್ದಿಗಳು ಬಂದವು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಮೃತಪಟ್ಟಿದ್ದಾರೆ, ಅವರಲ್ಲಿ ಯುವಕರೂ ಇದ್ದಾರೆ ಎಂಬ ವರದಿ ಹರಡಿದ್ದೇ ತಡ, ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಕೋವಿಡ್ ಲಸಿಕೆಗೆ ತರಾತುರಿಯಲ್ಲಿ ಅನುಮತಿ ಕೊಟ್ಟದ್ದೂ ಇದಕ್ಕೆ ಕಾರಣವಿರಬಹುದು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು. ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ಅಲ್ಲಗಳೆಯಿತು. ರಾಜಕೀಯದ ಮಾತು ಅಲ್ಲಿಗೆ ನಿಂತರೂ ವಾಟ್ಸ್‌ಆ್ಯಪ್‌ನ ಮಾತು ಇನ್ನೂ ನಿಂತಿಲ್ಲ. ಎಲ್ಲಿ ಯುವಕನೊಬ್ಬ ಕುಸಿದು ಬಿದ್ದು ಸತ್ತರೂ "ಎಲ್ಲಾ ಆ ಇಂಜೆಕ್ಷನ್‌ನಿಂದಲೇ" ಎಂಬ ತೀರ್ಪು ದಫನಕ್ಕೆ ಮೊದಲೇ ಬಂದುಬಿಡುತ್ತದೆ.

ಹಾಗಾದರೆ ಸಂಶೋಧನೆ ಏನು ಹೇಳುತ್ತದೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ 47 ದೊಡ್ಡ ಆಸ್ಪತ್ರೆಗಳ ಮೂಲಕ ಇದನ್ನೇ ಅಧ್ಯಯನ ಮಾಡಿ 2023ರಲ್ಲಿ ಪ್ರಕಟಿಸಿತು. 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗೆ ಹಠಾತ್ತನೆ ತೀರಿಕೊಂಡ, 18ರಿಂದ 45 ವರ್ಷದೊಳಗಿನ, ಮೇಲ್ನೋಟಕ್ಕೆ ಆರೋಗ್ಯವಾಗಿದ್ದ 729 ಮಂದಿಯ ವಿವರ ಸಂಗ್ರಹಿಸಿ, ಅದೇ ಪ್ರಾಯದ, ಅದೇ ಪರಿಸರದ 2,916 ಮಂದಿಯ ಜೊತೆ ಹೋಲಿಸಲಾಯಿತು. ಲಸಿಕೆ ಪಡೆದವರಲ್ಲಿ ಹಠಾತ್ ಸಾವಿನ ಅಪಾಯ ಹೆಚ್ಚಿರಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಕಡಿಮೆಯೇ ಇತ್ತು. ಅಪಾಯ ಹೆಚ್ಚಿದ್ದು ಯಾರಲ್ಲಿ? ಕೋವಿಡ್‌ನಿಂದ ಆಸ್ಪತ್ರೆಗೆ ದಾಖಲಾಗಿದ್ದವರಲ್ಲಿ, ಕುಟುಂಬದಲ್ಲಿ ಹಠಾತ್ ಸಾವಿನ ಇತಿಹಾಸ ಇದ್ದವರಲ್ಲಿ, ಸಾವಿಗೆ ಮೊದಲಿನ 48 ಗಂಟೆಗಳಲ್ಲಿ ವಿಪರೀತ ಮದ್ಯ ಅಥವಾ ಮಾದಕ ವಸ್ತು ಸೇವಿಸಿದವರಲ್ಲಿ, ಮಿತಿಮೀರಿ ದೇಹ ದಂಡಿಸಿದವರಲ್ಲಿ.

ಹಾಗೆಂದು ಲಸಿಕೆಗೆ ಅಡ್ಡಪರಿಣಾಮವೇ ಇಲ್ಲ ಎಂದಲ್ಲ. ನಮ್ಮಲ್ಲಿ ಕೋವಿಶೀಲ್ಡ್ ಹೆಸರಿನಲ್ಲಿ ಕೊಟ್ಟ ಆಸ್ಟ್ರಾಜೆನೆಕಾ ಲಸಿಕೆಯಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಆಗಿದ್ದುಂಟು. ಆದರೆ ಅದು ಕಾಣಿಸಿಕೊಳ್ಳುವುದು ಲಸಿಕೆ ಪಡೆದ ಕೆಲವು ದಿನ ಅಥವಾ ವಾರಗಳಲ್ಲಿ. ನಾಲ್ಕು ವರ್ಷದ ನಂತರದ ಹೃದಯಾಘಾತಕ್ಕೆ ಅದನ್ನು ಗಂಟು ಹಾಕಲಾಗದು. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ರಾಜ್ಯ ಸರಕಾರದ ಸಮಿತಿಯೂ ಲಸಿಕೆಗೂ ಹೃದಯಾಘಾತಕ್ಕೂ ನೇರ ಸಂಬಂಧ ಕಂಡುಬಂದಿಲ್ಲ ಎಂದೇ ವರದಿ ಕೊಟ್ಟಿತು.

ಅಸಲಿ ಕಾಯಿಲೆ ಕೋವಿಡ್‌ಗಿಂತ ಹಳೆಯದು. ದಕ್ಷಿಣ ಏಷ್ಯಾದವರಿಗೆ ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಹೃದಯಾಘಾತ ಆಗುತ್ತದೆ ಎಂಬುದು 2007ರಲ್ಲೇ ಗೊತ್ತಾಗಿತ್ತು. 2023ರ ಐಸಿಎಂಆರ್ ಲೆಕ್ಕದಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಸಕ್ಕರೆ, ಬಿಪಿ, ಸಿಗರೇಟು, ನಿದ್ದೆಗೆಟ್ಟ ರಾತ್ರಿಗಳು: ಇವು ಯಾವುದಕ್ಕೂ ಲಸಿಕೆಯ ಮೇಲೆ ಬಂದಷ್ಟು ಸಿಟ್ಟು ಯಾರಿಗೂ ಬಂದಿಲ್ಲ.

ಆದರೂ ಜನ ಸರಕಾರದ ಮಾತನ್ನು ನಂಬುತ್ತಿಲ್ಲ ಏಕೆ? ಅದಕ್ಕೂ ಕಾರಣವಿದೆ. 2020 ಮತ್ತು 2021ರಲ್ಲಿ ಭಾರತದ ಅಧಿಕೃತ ಕೋವಿಡ್ ಸಾವು ಸುಮಾರು 4.8 ಲಕ್ಷ. ಸಾಂಕ್ರಾಮಿಕದಿಂದಾದ ಹೆಚ್ಚುವರಿ ಸಾವು ಸುಮಾರು 47 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತು. ಕೇಂದ್ರ ಒಪ್ಪಲಿಲ್ಲ. ಆದರೆ 2025ರಲ್ಲಿ ಕೇಂದ್ರವೇ ಹೊರಬಿಟ್ಟ ನೋಂದಣಿ ಅಂಕಿಅಂಶದಲ್ಲಿ, 2020ರಲ್ಲಿ 81 ಲಕ್ಷವಿದ್ದ ಸಾವು 2021ರಲ್ಲಿ 1.02 ಕೋಟಿಗೆ ಏರಿತ್ತು. ಲೆಕ್ಕ ಮುಚ್ಚಿಟ್ಟರೆ ವದಂತಿಗೆ ಜಾಗ ಸಿಗುತ್ತದೆ. ಇನ್ನೂ ದೊಡ್ಡ ಕೊರತೆ ಎಂದರೆ, ನೋಂದಣಿಯಾಗುವ ನಾಲ್ಕು ಸಾವುಗಳಲ್ಲಿ ಸರಿಸುಮಾರು ಒಂದಕ್ಕೆ ಮಾತ್ರ ವೈದ್ಯರು ಕಾರಣ ಬರೆದು ಕೊಡುತ್ತಾರೆ. ಉಳಿದವುಗಳಿಗೆ ಕಾರಣ ಹೇಳುವುದು ಊರಿನ ಬಾಯಿ.

ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳಿಗೆ ಮರಣೋತ್ತರ ಪರೀಕ್ಷೆ ಕಡ್ಡಾಯ ಮಾಡುವುದಾಗಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಆಗ ಹೇಳಿದ್ದರು. ಯಾವ ಮನೆಯವರಿಗೂ ಇದು ಸುಲಭವಲ್ಲ. ಬೇಗ ದಫನ ಮಾಡುವ ನಮ್ಮ ಸಮುದಾಯಕ್ಕಂತೂ ಇನ್ನೂ ಕಷ್ಟ. ಆದರೆ ದೇಹವನ್ನು ಮುಟ್ಟದೆ ಕಾರಣ ಹುಡುಕುವ ದಾರಿಯೂ ಇದೆ. ಮೃತರ ಲಕ್ಷಣ, ಕಾಯಿಲೆ, ಔಷಧಿಗಳ ಬಗ್ಗೆ ಮನೆಯವರನ್ನು ಕೇಳಿ ದಾಖಲಿಸುವುದು. ಐಸಿಎಂಆರ್ ಅಧ್ಯಯನವೂ ಮನೆಯವರ ಮಾತನ್ನೇ ನೆಚ್ಚಿಕೊಂಡಿತ್ತು. ಹಾಗೆ ವಿಚಾರಿಸಲು ಬಂದವರಿಗೆ ನಿಜ ಹೇಳುವುದು ಮೃತರಿಗೆ ಅವಮಾನವಲ್ಲ. ಅಣ್ಣನ ಸಾವಿಗೆ ಕಾರಣ ಗೊತ್ತಾದರೆ ತಮ್ಮ ತಪಾಸಣೆ ಮಾಡಿಸಿಕೊಂಡು ಬದುಕಬಹುದು. ಆ ವಿಷಯದಲ್ಲಿ ಜಮಾಅತ್‌ಗಳು ಒಂದು ಮಾತು ಹೇಳಿದರೂ ತುಂಬಾ ವ್ಯತ್ಯಾಸವಾದೀತು.

ಎದೆನೋವನ್ನು "ಗ್ಯಾಸ್ಟ್ರಿಕ್" ಎಂದು ಸೋಡಾ ಕುಡಿದು ಮಲಗುವುದು ನಿಲ್ಲಬೇಕು. ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು ಕಂಡರೆ ಮೊದಲ ಒಂದು ಗಂಟೆಯೇ ಜೀವ. ಕರ್ನಾಟಕದ ತಾಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿ ಮತ್ತು ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ. ಫಾರ್ವರ್ಡ್ ಮಾಡಬೇಕಾದ ಮಾಹಿತಿ ಇದು.