ಮನೆಮಗಳ ಕೆಲಸಕ್ಕೂ ಗಂಟೆಯ ಲೆಕ್ಕ ಇರಲಿ

ಪದವಿ ಮುಗಿದ ಮೇಲೆ ಒಂದು ವರ್ಷ ಜರ್ಮನಿಯಲ್ಲಿದ್ದು ಬಂದೆ ಎಂದರೆ ಎಲ್ಲರೂ ಮೊದಲು ಕೇಳುವುದು ‘ಯಾವ ಕಂಪನಿ?’ ಎಂದು. ಕಂಪನಿಯಲ್ಲ, ಒಂದು ಮನೆಯಲ್ಲಿದ್ದೆ, ಅವರ ಇಬ್ಬರು ಮಕ್ಕಳನ್ನು ನೋಡಿಕೊಳ್ಳುತ್ತ ಭಾಷೆ ಕಲಿತೆ ಎಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ನಮ್ಮ ಅಂಕಲಗಿಯಲ್ಲಿ ಓಣಿಯ ಕಾಕಾ ಒಬ್ಬರು ಮುಚ್ಚುಮರೆ ಇಲ್ಲದೆ ಅಂದೇಬಿಟ್ಟರು: ‘ಬಿ.ಕಾಂ ಕಲತು ಮಂದಿ ಮನಿ ಭಾಂಡೆ ತಿಕ್ಕಾಕ ಅಷ್ಟ ದೂರ ಹೋಗಬೇಕಿತ್ತೇನ ಯವ್ವಾ?’ ಇನ್ನೊಂದು ಕಡೆ ಗೋಕಾಕದ ಕಾಲೇಜಿನ ಜೂನಿಯರ್‌ಗಳು ಫೋನ್ ಮಾಡುತ್ತಾರೆ: ‘ಅಕ್ಕಾ, ಐಇಎಲ್‌ಟಿಎಸ್ ಬ್ಯಾಡಂತ, ಬ್ಯಾಂಕಿನ್ಯಾಗ ಲಕ್ಷಗಟ್ಟಲೆ ತೋರಸೂದು ಬ್ಯಾಡಂತ. ನಾವೂ ಹೋಗಬಹುದೇನು?’ ಕಾಕಾನ ಮಾತಿನಲ್ಲಿ ತಿರಸ್ಕಾರ, ಇವರ ಮಾತಿನಲ್ಲಿ ಅವಸರ. ಇಬ್ಬರಿಗೂ ನನ್ನ ಅನುಭವದಿಂದ ಉತ್ತರ ಹೇಳಬೇಕು ಅನ್ನಿಸಿದೆ.

‘ಓ ಪೇರ್’ ಎನ್ನುವುದು ಫ್ರೆಂಚ್ ಮಾತು. ‘ಸರಿಸಮವಾಗಿ’ ಎಂದು ಅರ್ಥ. ಹೊರದೇಶದ ಯುವಕ ಅಥವಾ ಯುವತಿ ಒಂದು ಕುಟುಂಬದ ಜೊತೆ ವಾಸವಿದ್ದು, ಮಕ್ಕಳನ್ನು ನೋಡಿಕೊಂಡು, ಹಗುರವಾದ ಮನೆಗೆಲಸದಲ್ಲಿ ಕೈಜೋಡಿಸುತ್ತಾರೆ. ಅದಕ್ಕೆ ಬದಲಾಗಿ ಊಟ, ವಸತಿ, ಕೈಖರ್ಚು ಸಿಗುತ್ತದೆ, ಆ ದೇಶದ ಭಾಷೆ ಕಲಿಯಲು ಅವಕಾಶ ಸಿಗುತ್ತದೆ. ಕೌನ್ಸಿಲ್ ಆಫ್ ಯುರೋಪ್ 1969ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಇದಕ್ಕಾಗಿ ಒಂದು ಒಪ್ಪಂದ ರೂಪಿಸಿತು. ಓ ಪೇರ್‌ಗಳು ವಿದ್ಯಾರ್ಥಿಗಳೂ ಅಲ್ಲ, ಕೆಲಸಗಾರರೂ ಅಲ್ಲ, ಎರಡರ ಗುಣವೂ ಇರುವ ಬೇರೆಯೇ ವರ್ಗ ಎಂದು ಅದು ಹೇಳುತ್ತದೆ. ಕೇಳಲು ಚೆಂದದ ಮಾತು. ಆದರೆ ತೊಂದರೆ ಹುಟ್ಟುವುದೂ ಇಲ್ಲಿಂದಲೇ. ವಿದ್ಯಾರ್ಥಿಯೂ ಅಲ್ಲ, ಕೆಲಸಗಾರಳೂ ಅಲ್ಲ ಎಂದ ಮೇಲೆ ಮನೆಯಲ್ಲಿ ಅವಳು ಯಾರು? ‘ಮನೆಯವಳ ಹಾಗೆ’ ಎನ್ನುತ್ತಾರೆ. ಮನೆಯವರ ಕೆಲಸಕ್ಕೆ ಲೆಕ್ಕ ಇಟ್ಟವರುಂಟೇ?

ಅದಕ್ಕಾಗಿಯೇ ಜರ್ಮನಿಯಲ್ಲಿ ಲೆಕ್ಕವನ್ನು ಕಾಗದದ ಮೇಲೆ ಬರೆಯುತ್ತಾರೆ. ದಿನಕ್ಕೆ ಹೆಚ್ಚೆಂದರೆ 6 ಗಂಟೆ, ವಾರಕ್ಕೆ 30 ಗಂಟೆ ಕೆಲಸ. ಸಂಜೆ ಗಂಡ ಹೆಂಡತಿ ಹೊರಗೆ ಹೋದಾಗ ಮಕ್ಕಳ ಜೊತೆ ಸುಮ್ಮನೆ ಕುಳಿತರೂ ಅದು ಈ ಲೆಕ್ಕದಲ್ಲೇ ಬರುತ್ತದೆ. ವಾರಕ್ಕೆ ಒಂದೂವರೆ ದಿನ ರಜೆ, ತಿಂಗಳಿಗೆ ಒಂದಾದರೂ ಭಾನುವಾರ ಪೂರ್ತಿ ಬಿಡುವು. ಒಂದು ವರ್ಷವಿದ್ದರೆ ನಾಲ್ಕು ವಾರ ರಜೆ, ಆಗಲೂ ಕೈಖರ್ಚು ನಿಲ್ಲಿಸುವಂತಿಲ್ಲ. ಕಿಟಕಿ ಇರುವ ಪ್ರತ್ಯೇಕ ಕೋಣೆ ಕೊಡಬೇಕು. ತಿಂಗಳಿಗೆ 280 ಯೂರೊ ಕೈಖರ್ಚು, ಭಾಷಾ ತರಗತಿಗೆಂದು 70 ಯೂರೊ. ಆರೋಗ್ಯ ವಿಮೆ ಕುಟುಂಬದ ಖರ್ಚು. ವಯಸ್ಸಾದವರ ಅಥವಾ ರೋಗಿಗಳ ಆರೈಕೆ ಓ ಪೇರ್‌ನ ಕೆಲಸವಲ್ಲ.

ನಾನಿದ್ದದ್ದು ಸ್ಟುಟ್‌ಗಾರ್ಟ್ ಹತ್ತಿರದ ಸಣ್ಣ ಊರಿನಲ್ಲಿ. ಬೆಳಿಗ್ಗೆ ಮಕ್ಕಳನ್ನು ಎಬ್ಬಿಸಿ, ಬ್ರೆಡ್ಡಿನ ಡಬ್ಬಿ ಕಟ್ಟಿ, ಶಾಲೆಗೆ ಬಿಟ್ಟು ಬಂದರೆ ನನ್ನ ಸಮಯ. ವಾರದಲ್ಲಿ ಎರಡು ದಿನ ‘ಫೋಕ್ಸ್‌ಹೋಕ್‌ಶೂಲೆ’ ಎಂಬ ಸಾರ್ವಜನಿಕ ಕಲಿಕಾ ಕೇಂದ್ರದಲ್ಲಿ ಭಾಷಾ ತರಗತಿ. ಮಧ್ಯಾಹ್ನ ಮತ್ತೆ ಮಕ್ಕಳು, ಹೋಂವರ್ಕ್, ಆಟದ ಮೈದಾನ, ಬಟ್ಟೆ ಮಡಚುವುದು. ಕಾಕಾನ ಸಮಾಧಾನಕ್ಕೆ ಹೇಳುತ್ತೇನೆ: ಭಾಂಡೆ ತಿಕ್ಕಿದ್ದು ಕಡಿಮೆ, ಡಿಶ್‌ವಾಷರ್‌ಗೆ ತುಂಬಿದ್ದೇ ಹೆಚ್ಚು.

ಮೊದಲ ಎರಡು ತಿಂಗಳು ಎಲ್ಲವೂ ಕಾಗದದಲ್ಲಿದ್ದಂತೆಯೇ ನಡೆಯಿತು. ಚಳಿಗಾಲ ಬಂದು ಮಕ್ಕಳಿಗೆ ಸರದಿಯಂತೆ ಜ್ವರ ಶುರುವಾದಾಗ ಗಂಟೆಗಳು ಬೆಳೆಯತೊಡಗಿದವು. ಇದೊಂದು ಸಂಜೆ, ಇದೊಂದು ಶನಿವಾರ. ಯಾರೂ ಗದರಲಿಲ್ಲ, ಹೆದರಿಸಲಿಲ್ಲ. ಪ್ರೀತಿಯಿಂದಲೇ ಕೇಳುತ್ತಿದ್ದರು. ಪ್ರೀತಿಯಿಂದ ಕೇಳಿದಾಗ ಒಲ್ಲೆ ಎನ್ನುವುದು ನಮ್ಮ ಕಡೆ ಹೆಣ್ಣುಮಕ್ಕಳಿಗೆ ಯಾರೂ ಕಲಿಸಿಲ್ಲ. ನಾನು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ದಿನದ ಗಂಟೆಗಳನ್ನು ಬರೆಯುತ್ತ ಹೋದೆ. ಒಂದು ವಾರ 39 ಗಂಟೆ ಆಯಿತು. ಭಾನುವಾರದ ತಿಂಡಿಯ ಹೊತ್ತಿಗೆ ಆ ಪುಟವನ್ನು ಮಕ್ಕಳ ತಾಯಿಯ ಮುಂದಿಟ್ಟೆ. ಅವರು ಓದಿದರು, ಒಪ್ಪಂದದ ಪ್ರತಿ ತಂದು ನೋಡಿದರು, ಮುಂದಿನ ವಾರ ಎರಡು ದಿನ ಬಿಡುವು ಕೊಟ್ಟರು. ಜಗಳವಿಲ್ಲ, ಅಳುವಿಲ್ಲ. ‘ನಾನು ಒಳ್ಳೆಯವಳೋ ನೀವು ಒಳ್ಳೆಯವರೋ’ ಎಂಬ ಚರ್ಚೆಯೇ ಬರಲಿಲ್ಲ. 39 ದೊಡ್ಡದೋ 30 ದೊಡ್ಡದೋ ಎಂಬುದಷ್ಟೇ ಅಲ್ಲಿದ್ದ ಮಾತು.

ಎಲ್ಲ ಮನೆಗಳೂ ಹೀಗಿರುತ್ತವೆ ಎಂದು ಹೇಳಲಾರೆ. ನನ್ನ ತರಗತಿಯಲ್ಲಿದ್ದ ಇನ್ನೊಬ್ಬ ಹುಡುಗಿ ಲೆಕ್ಕ ತೋರಿಸಿದ್ದಕ್ಕೆ ಮನೆಯವರು ವಾರಗಟ್ಟಲೆ ಮಾತು ಬಿಟ್ಟರು. ಕೊನೆಗೆ ಅವಳು ಬೇರೆ ಕುಟುಂಬ ಹುಡುಕಿಕೊಂಡಳು. ಲೋಕದ ಅನುಭವವೂ ಇದೇ. ದೂರುಗಳು ಹೆಚ್ಚಿದ್ದರಿಂದ ಫಿಲಿಪ್ಪೀನ್ಸ್ ಸರ್ಕಾರ 1998ರಲ್ಲಿ ತನ್ನ ಯುವಜನರನ್ನು ಯುರೋಪಿಗೆ ಓ ಪೇರ್ ಆಗಿ ಕಳುಹಿಸುವುದನ್ನೇ ನಿಲ್ಲಿಸಿತ್ತು. 2010ರ ನಂತರ ಹಂತ ಹಂತವಾಗಿ ಅದನ್ನು ಸಡಿಲಿಸಿತು. ಓ ಪೇರ್ ಹೆಸರಿನಲ್ಲಿ ಅಗ್ಗದ ಮನೆಗೆಲಸ ನಡೆಯುತ್ತಿದೆ ಎಂಬ ಟೀಕೆಯ ನಂತರ ನಾರ್ವೆ 2024ರಲ್ಲಿ ಯುರೋಪಿನ ಹೊರಗಿನವರಿಗೆ ಈ ಪರವಾನಗಿಯನ್ನೇ ನಿಲ್ಲಿಸಿತು. ಅಮೆರಿಕದಲ್ಲಿ ವಾರಕ್ಕೆ 45 ಗಂಟೆಯವರೆಗೂ ದುಡಿಸಬಹುದು. ಅಲ್ಲಿ ಓ ಪೇರ್‌ಗಳು ಕಡಿಮೆ ಕೂಲಿಯ ವಿರುದ್ಧ ಏಜೆನ್ಸಿಗಳ ಮೇಲೆ ಮೊಕದ್ದಮೆ ಹೂಡಿದರು. 2019ರಲ್ಲಿ ಏಜೆನ್ಸಿಗಳು 6.55 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಲು ಒಪ್ಪಿದವು.

ಇದನ್ನೆಲ್ಲ ಓದಿ ‘ನೋಡು, ಪರದೇಶದ ಮಂದಿ ಹಿಂಗ’ ಎನ್ನುವವರಿಗೆ ನಮ್ಮದೇ ಮನೆಗಳ ಮಾತು ಹೇಳಬೇಕು.

ಇನ್ನೊಬ್ಬರ ಮನೆಯಲ್ಲಿದ್ದು ಕಲಿಯುವುದು ನಮಗೇನೂ ಹೊಸದಲ್ಲ. ವಾರಾನ್ನ ಉಂಡು ಓದಿದವರ ಕತೆಗಳನ್ನು ಕೇಳಿಯೇ ಬೆಳೆದಿದ್ದೇವೆ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿಕೊಟ್ಟು ಖರ್ಚು ತೂಗಿಸಿದ್ದರು. ನಮ್ಮ ಭಾಗದ ಬಡ ಹುಡುಗರಿಗೆ ಧಾರವಾಡದ ಮುರುಘಾಮಠ, ಬೆಳಗಾವಿಯ ನಾಗನೂರು ರುದ್ರಾಕ್ಷಿಮಠದ ಪ್ರಸಾದ ನಿಲಯಗಳು ಅನ್ನ, ಆಸರೆ ಕೊಟ್ಟವು. ಅಲ್ಲಿದ್ದು ಓದಿ ದೊಡ್ಡವರಾದವರನ್ನು ಇಂದಿಗೂ ಹೆಮ್ಮೆಯಿಂದ ನೆನೆಯುತ್ತೇವೆ.

ಹಳ್ಳಿಯ ಹುಡುಗಿಯರು ಎಲ್ಲಿದ್ದು ಕಲಿತರು? ಹೆಚ್ಚಿನವರು ಸೋದರತ್ತೆಯ ಮನೆಯಲ್ಲಿ, ದೊಡ್ಡಪ್ಪನ ಮನೆಯಲ್ಲಿ, ಮದುವೆಯಾದ ಅಕ್ಕನ ಮನೆಯಲ್ಲಿ. ನನ್ನ ದೊಡ್ಡಪ್ಪನ ಮಗಳು ಪಿಯುಸಿ ಮುಗಿಸಿ ಡಿಗ್ರಿಗೆಂದು ಬೆಳಗಾವಿಯಲ್ಲಿ ಸಂಬಂಧಿಕರ ಮನೆಗೆ ಹೋದಳು. ಫೀ ಅವರೇ ಕಟ್ಟಿದರು, ಹಬ್ಬಕ್ಕೆ ಬಟ್ಟೆ ಕೊಡಿಸಿದರು. ಬೆಳಿಗ್ಗೆ ಕಸ, ಅಂಗಳ, ನೀರು, ರೊಟ್ಟಿ. ಸಂಜೆ ಆ ಮನೆಯ ಕೂಸು. ಎರಡನೆಯ ವರ್ಷ ಆ ಮನೆಯಲ್ಲಿ ಇನ್ನೊಂದು ಬಾಣಂತನ ಬಂತು. ‘ನಾಕ ದಿನ ಕಾಲೇಜಿಗೆ ಹೋಗಬ್ಯಾಡ’ ಅಂದರು. ನಾಲ್ಕು ದಿನ ನಾಲ್ಕು ತಿಂಗಳಾಯಿತು, ಹಾಜರಾತಿ ಹೋಯಿತು, ಪರೀಕ್ಷೆ ಹೋಯಿತು, ಮರುವರ್ಷ ಮದುವೆಯಾಯಿತು. ಯಾರೂ ಕೆಟ್ಟವರಲ್ಲ. ಅವಳನ್ನು ‘ಮನೀ ಮಗಳು’ ಎಂದೇ ಕರೆಯುತ್ತಿದ್ದರು. ಆದರೆ ಆ ಮನೆಯ ಸ್ವಂತ ಮಗಳು ಡಿಗ್ರಿ ಮುಗಿಸಿದಳು.

ಜರ್ಮನಿಯಲ್ಲಿ ನನಗೂ ನನ್ನ ಅಕ್ಕನಿಗೂ ಇದ್ದ ವ್ಯತ್ಯಾಸ ಬುದ್ಧಿಯದಲ್ಲ, ಧೈರ್ಯದ್ದೂ ಅಲ್ಲ. ನನ್ನ ಕೈಯಲ್ಲಿ 30 ಗಂಟೆ ಎಂದು ಬರೆದ ಕಾಗದವಿತ್ತು, ಅವಳ ಕೈಯಲ್ಲಿ ಇರಲಿಲ್ಲ. ಕಾಗದವಿದ್ದರೆ ಪ್ರೀತಿ ಕಡಿಮೆಯಾಗುತ್ತದೆ ಎಂಬ ಭಯ ನಮ್ಮವರಿಗೆ ಇದೆ. ನನ್ನ ಅನುಭವದಲ್ಲಿ ಹಾಗಾಗಲಿಲ್ಲ. ಆ ಭಾನುವಾರದ ಲೆಕ್ಕದ ನಂತರವೂ ಆ ಮಕ್ಕಳು ನನ್ನ ಹಾಸಿಗೆಯ ಮೇಲೆ ಕುಣಿದರು, ಕರದಂಟು ಮುಗಿದಾಗ ‘ಇನ್ನೊಂದು ಡಬ್ಬಿ ತರಿಸು’ ಎಂದು ಪೀಡಿಸಿದರು.

ಹಾಗಾಗಿ ಕಾಕಾನಿಗೆ ನನ್ನ ಉತ್ತರ ಇಷ್ಟು: ಮಕ್ಕಳನ್ನು ನೋಡಿಕೊಳ್ಳುವುದು, ಮನೆ ಒಪ್ಪ ಮಾಡುವುದು ಕೀಳು ಕೆಲಸವಲ್ಲ. ಅದು ಕೀಳಾಗಿ ಕಾಣುವುದು ನಮ್ಮ ಮನೆಗಳಲ್ಲಿ ಅದಕ್ಕೆ ಸಮಯವೂ ಇಲ್ಲ, ಬೆಲೆಯೂ ಇಲ್ಲ, ರಜೆಯೂ ಇಲ್ಲ ಎನ್ನುವ ಕಾರಣಕ್ಕೆ. ಬಿ.ಕಾಂ ಓದಿದ್ದಕ್ಕೆ ನಷ್ಟವೇನೂ ಆಗಲಿಲ್ಲ. ಆ ಲೆಕ್ಕ ಬರೆದಿಡುವ ಬುದ್ಧಿ ಅಲ್ಲಿಂದಲೇ ಬಂದಿರಬಹುದು.

ಜೂನಿಯರ್‌ಗಳಿಗೆ ಉತ್ತರ ಬೇರೆ. ದುಡ್ಡು ಉಳಿಸಲು ಹೋಗುವುದಾದರೆ ಹೋಗಬೇಡಿ. 280 ಯೂರೊ ಎಂದರೆ ನಮ್ಮ ಲೆಕ್ಕದಲ್ಲಿ 25 ಸಾವಿರ ರೂಪಾಯಿಗಿಂತ ಹೆಚ್ಚು. ಅಲ್ಲಿ ಅದು ಬಸ್ಸು, ಫೋನು, ಚಳಿಯ ಬಟ್ಟೆಗೆ ಖರ್ಚಾಗುತ್ತದೆ. ವಿಮಾನದ ಟಿಕೆಟ್, ವೀಸಾ ಶುಲ್ಕ ಸಾಮಾನ್ಯವಾಗಿ ಹೋಗುವವರದೇ ಖರ್ಚು. ನೌಕರಿ ಸಿಕ್ಕಂತೆ ಎಂದುಕೊಂಡೂ ಹೋಗಬೇಡಿ. ಈ ವೀಸಾ ಹೆಚ್ಚೆಂದರೆ ಒಂದು ವರ್ಷ, ಎರಡನೆಯ ಬಾರಿ ಸಿಗುವುದಿಲ್ಲ. ಅರ್ಜಿ ಹಾಕುವಾಗ 18 ತುಂಬಿರಬೇಕು, 27 ತುಂಬಿರಬಾರದು. ಜರ್ಮನ್ ಭಾಷೆಯ ‘ಎ1’ ಹಂತ ಗೊತ್ತಿರಬೇಕು. ಬೆಂಗಳೂರು, ಪುಣೆಯ ಮ್ಯಾಕ್ಸ್‌ಮುಲ್ಲರ್ ಭವನಗಳಲ್ಲಿ ಪರೀಕ್ಷೆ ಬರೆಯಬಹುದು. ನಾನು ಬರೆದದ್ದು ಪುಣೆಯಲ್ಲಿ. ‘ಮ್ಯೂನಿಕ್‌ನಾಗ ನಮ್ಮ ಕನ್ನಡದವರ ಮನಿ ಐತಿ, ಅಲ್ಲೇ ಇರತೇನಿ’ ಎನ್ನುವಂತಿಲ್ಲ. ಮನೆಯಲ್ಲಿ ಜರ್ಮನ್ ಮಾತನಾಡುವ ಕುಟುಂಬ ಬೇಕು, ನಿಮ್ಮದೇ ದೇಶದ ಮೂಲದವರ ಮನೆಗೆ ವೀಸಾ ಕೊಡುವುದಿಲ್ಲ. ಭಾಷೆ ಕಲಿಯಲು ಹೋಗುತ್ತೀರಿ ಎಂಬುದೇ ಅದರ ಆಧಾರ.

ಹಾಗಾದರೆ ಯಾರು ಹೋಗಬೇಕು? ಭಾಷೆ ಬೇಕೆಂದವರು. ಒಂದು ವರ್ಷ ಮನಸ್ಸಿಟ್ಟು ಕಲಿತರೆ ‘ಬಿ1’ ಹಂತ ಮುಟ್ಟಬಹುದು. ಆ ಮೇಲೆ ಅಲ್ಲಿಯ ‘ಔಸ್‌ಬಿಲ್ಡುಂಗ್’, ಅಂದರೆ ಸಂಬಳ ಕೊಟ್ಟು ವೃತ್ತಿ ಕಲಿಸುವ ತರಬೇತಿಗೆ ಪ್ರಯತ್ನಿಸಬಹುದು. ಇಲ್ಲಿಗೆ ಬಂದರೂ ಆ ಭಾಷೆಗೆ ಕೆಲಸವಿದೆ. ನಾನೀಗ ಬೆಳಗಾವಿಯಲ್ಲಿ ಆರಂಭದ ತರಗತಿಗೆ ಜರ್ಮನ್ ಹೇಳಿಕೊಡುತ್ತಿದ್ದೇನೆ. ಲಕ್ಷಾಂತರ ರೂಪಾಯಿ ಕೇಳಿ ‘ಕೆಲಸ ಗ್ಯಾರಂಟಿ’ ಎನ್ನುವ ಏಜೆಂಟನ ಬಾಗಿಲು ತುಳಿಯಬೇಡಿ. ಹೋಗುವ ಮುನ್ನ ಒಪ್ಪಂದವನ್ನು ಪೂರ್ತಿ ಓದಿ. ವಿಡಿಯೊ ಕರೆಯಲ್ಲಿ ‘ವಾರದ ವೇಳಾಪಟ್ಟಿ ಬರೆದು ಕಳುಹಿಸಿ’ ಎಂದು ಕೇಳಿ. ಅದಕ್ಕೆ ಹಿಂಜರಿಯುವ ಮನೆಯನ್ನು ಅಲ್ಲಿಗೇ ಬಿಡಿ. ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡಿ. ತೀರಾ ತೊಂದರೆಯಾದರೆ ಭಾರತದ ದೂತಾವಾಸ ಇದೆ, ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು.

ಹೋಗುವವರು ಬೆರಳೆಣಿಕೆಯಷ್ಟು. ಆದರೆ ಈ ಜೂನ್‌ನಲ್ಲೂ ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳ್ಳಿಗಳಿಂದ ಎಷ್ಟೋ ಹುಡುಗಿಯರು ಬ್ಯಾಗು ಹಿಡಿದು ಸಂಬಂಧಿಕರ ಮನೆಗೆ ಹೋಗುತ್ತಾರೆ. ಹಾಸ್ಟೆಲ್ ಸೀಟು ಸಿಗದವರು, ಹಾಸ್ಟೆಲ್‌ಗೆ ಕಳುಹಿಸಲು ಮನೆಯವರು ಒಪ್ಪದವರು. ಅವರ ಅಪ್ಪಂದಿರಲ್ಲಿ, ಅವರನ್ನು ಇಟ್ಟುಕೊಳ್ಳುವ ಕಾಕಾ ಅತ್ತಿಯರಲ್ಲಿ ನನ್ನದೊಂದು ಮನವಿ. ಮೊದಲ ದಿನವೇ ಕುಳಿತು ಮಾತಾಡಿ. ಬೆಳಿಗ್ಗೆ ಇಷ್ಟು ಹೊತ್ತು, ಸಂಜೆ ಇಷ್ಟು ಹೊತ್ತು ಮನೆಗೆಲಸ. ಕಾಲೇಜಿನ ದಿನ ಕಾಲೇಜು ತಪ್ಪಿಸುವಂತಿಲ್ಲ. ಪರೀಕ್ಷೆಯ ತಿಂಗಳು ಕೆಲಸವಿಲ್ಲ. ಬಾಣಂತನ ಬಂದರೆ ಕೂಲಿ ಕೊಟ್ಟು ಬೇರೆಯವರನ್ನು ಕರೆಸಿ. ಬೇಕಿದ್ದರೆ ಕ್ಯಾಲೆಂಡರಿನ ಹಿಂದೆ ನಾಲ್ಕು ಸಾಲು ಬರೆದು ಗೋಡೆಗೆ ಹಾಕಿ. ಹುಡುಗಿಯರೇ, ಅವರು ಬರೆಯದಿದ್ದರೆ ನೀವೇ ಬರೆಯಿರಿ. ಒಂದು ನೋಟ್‌ಬುಕ್ಕಿಗೆ ಇಪ್ಪತ್ತು ರೂಪಾಯಿ.